ತಣ್ಣನೆಯ ಭಟ್ಟಿ, ಬಿಸಿ ರೊಟ್ಟಿ

ಹರಿಹರದಲ್ಲಿ ಕರಿಬಸವರಾಜರ ಕಾರ್ಖಾನೆಯ ದೊಡ್ಡ ಭಟ್ಟಿ ಎರಡು ಕೆಲಸ ಮಾಡುತ್ತಿತ್ತು. ಒಂದು, ಎಣ್ಣೆ ಕುಡಿದು ಉರಿದು ಟ್ರ್ಯಾಕ್ಟರಿನ ಗೇರುಗಳನ್ನು ಕೆಂಪಗೆ ಕಾಯಿಸುವುದು. ಇದು ಮಾಲೀಕರಿಗೆ ಗೊತ್ತಿದ್ದ ಕೆಲಸ. ಇನ್ನೊಂದು, ಕೊಕ್ಕನೂರಿನಿಂದ ಬೈಕಿನಲ್ಲಿ ಬರುವ ಕೆಲಸಗಾರರ ಊಟದ ಡಬ್ಬಿಗಳನ್ನು ತನ್ನ ನೆತ್ತಿಯ ತಗಡಿನ ಮೇಲೆ ಹೊತ್ತುಕೊಂಡು, ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಮೆತ್ತಗಾಗುವಂತೆ, ಸಾರು ಹಬೆಯಾಡುವಂತೆ ಮಾಡಿಕೊಡುವುದು. ದಾವಣಗೆರೆ ನಿಟ್ಟುವಳ್ಳಿಯ ಪುಷ್ಪಲತಾ ಆ ಭಟ್ಟಿಗೆ ಕೈ ಹಚ್ಚಿದಾಗ ಅವಳಿಗೆ ಮೊದಲನೆಯ ಕೆಲಸ ಮಾತ್ರ ಗೊತ್ತಿತ್ತು. ಮುಂದಿನ ರಾಮಾಯಣವೆಲ್ಲ ಆದದ್ದು ಅದರಿಂದ.

ಪುಷ್ಪಲತಾ ಹುಟ್ಟಿದ್ದೇ ಭಟ್ಟಿಯ ಮನೆತನದಲ್ಲಿ. ಅವಳಪ್ಪ ಮಾಲತೇಶಪ್ಪ ಭಟ್ಟಿಗಳ ಒಳಗೆ ಇಟ್ಟಿಗೆ ಕಟ್ಟುವ ಮೇಸ್ತ್ರಿ. ದಾವಣಗೆರೆಯಿಂದ ಹರಿಹರದವರೆಗೆ ಅವರು ಹೊಕ್ಕು ಬರದ ಭಟ್ಟಿಯ ಹೊಟ್ಟೆ ಇರಲಿಲ್ಲ. ಮಗಳು ಡಿಪ್ಲೊಮಾ ಓದಿದಳು, ಕೆಲವು ವರ್ಷ ಹುಬ್ಬಳ್ಳಿಯ ಗುತ್ತಿಗೆದಾರನೊಬ್ಬನ ಕೈಕೆಳಗೆ ದುಡಿದಳು, ಕೊನೆಗೆ ಒಂದು ದಿನ ಸ್ವಂತ ಕೆಲಸ ಹಿಡಿಯುತ್ತೇನೆ ಎಂದು ಮನೆಗೆ ಬಂದಳು. ಬರುವಾಗ ಕೈಯಲ್ಲಿ ಬೆಳ್ಳಗಿನ, ಮೆತ್ತಗಿನ, ಹಾಸಿಗೆಯ ಅರಳೆಯಂಥ ಒಂದು ತುಂಡು ಹಿಡಿದಿದ್ದಳು. ಸೆರಾಮಿಕ್ ಫೈಬರ್ ಎಂದಳು. ಇಟ್ಟಿಗೆ ತೆಗೆದು ಇದನ್ನು ಭಟ್ಟಿಯ ಒಳಗೆ ದಪ್ಪಗೆ ಹೊದಿಸಿದರೆ ಮೂರರಲ್ಲಿ ಒಂದು ಪಾಲು ಎಣ್ಣೆ ಉಳಿಯುತ್ತದೆ ಎಂದಳು.

ಮಾಲತೇಶಪ್ಪ ಮಂಡಕ್ಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮಗಳ ಮುಖ ನೋಡಿದರು.

“ಅಲ್ಲಲೇ ಪುಷ್ಪಿ, ನಮ್ಮೂರಾಗೆ ಹತ್ತಿ ಮಿಲ್ಲುಗಳೆಲ್ಲ ಮುಚ್ಚಿ ಹೋದ್ವು. ನೀನೀಗ ಹತ್ತಿ ತಗೊಂಡು ಭಟ್ಟಿಗೆ ಹೊಂಟೀಯಲ್ಲ. ಹತ್ತಿ ಬೆಂಕಿ ಹತ್ತದೆ ಬಿಡ್ತೈತಾ?”

“ನೀನೇ ಹಚ್ಚಿ ನೋಡಪ್ಪ.”

ಹಚ್ಚಿದರು. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಗೆ ಒಡ್ಡಿದರು. ತುಂಡಿನ ಒಂದು ಮುಖ ನಿಗಿನಿಗಿ ಕೆಂಪಾಯಿತು. ಇನ್ನೊಂದು ಮುಖಕ್ಕೆ ಬೆರಳು ತಾಗಿಸಿದರೆ ಸುಡಲಿಲ್ಲ. ಮುದುಕರು ಮತ್ತೊಮ್ಮೆ ತಾಗಿಸಿದರು, ಬೆರಳನ್ನು ನೋಡಿಕೊಂಡರು, ಒಲೆ ಆರಿಸಿದರು. “ಅದೆಲ್ಲ ಸರಿ. ಆದ್ರೂ ಇಟ್ಟಿಗೆ ಇಟ್ಟಿಗೇನೇ” ಎಂದು ಮಂಡಕ್ಕಿಗೆ ಮರಳಿದರು. ಸೋತೆ ಎಂದು ಒಪ್ಪಿಕೊಳ್ಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸ್ವಂತ ಕೆಲಸ ಅಂತ ಮೊದಲು ಸಿಕ್ಕಿದ್ದು ಕರಿಬಸವರಾಜರ ಭಟ್ಟಿ. ಅವರು ಬಾಯಿ ಜೋರಿನ ಮನುಷ್ಯ, ಮನಸ್ಸು ಕೆಟ್ಟದಲ್ಲ. ಮೇಜಿನ ಮೇಲೆ ಕೈ ಬಡಿದು ಕರಾರು ಹೇಳಿದರು: “ನೋಡಮ್ಮ, ಶ್ರಾವಣ ಮುಗಿಯೋದ್ರೊಳಗೆ ನೀನು ಹೇಳಿದಷ್ಟು ಎಣ್ಣೆ ಉಳೀಬೇಕು. ಉಳೀತೋ, ಮಿಕ್ಕಿದ ಎರಡು ಭಟ್ಟಿನೂ ನಿಂದೇ. ಇಲ್ಲಾಂದ್ರೆ ನಿನ್ನ ಹತ್ತಿ ನೀನೇ ಕಿತ್ತು, ನಿಮ್ಮಪ್ಪನ ಕೈಲೇ ಮತ್ತೆ ಇಟ್ಟಿಗೆ ಕಟ್ಟಿಸಿ ಕೊಡ್ಬೇಕು.”

ಪುಷ್ಪಲತಾ ಹೂಂ ಎಂದಳು. ಎಂದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ, ಅದು ಬೇರೆ ಮಾತು. ಹೊದಿಸಿದ್ದನ್ನು ಕಿತ್ತ ಹೆಂಗಸು ಎಂದು ಒಮ್ಮೆ ಹೆಸರಾದರೆ ಮತ್ತೆ ಯಾವ ಕಾರ್ಖಾನೆಯವರೂ ಗೇಟು ತೆಗೆಯುವುದಿಲ್ಲ. ಹುಬ್ಬಳ್ಳಿಯ ಗುತ್ತಿಗೆದಾರನ ಮುಂದೆ ಹೋಗಿ ಮತ್ತೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಅದೊಂದು ಬಿಟ್ಟು ಬೇರೆ ಏನನ್ನಾದರೂ ಮಾಡಲು ಅವಳು ಸಿದ್ಧಳಿದ್ದಳು.

ಭಟ್ಟಿ ಆರಿಸಿ, ಹಳೆ ಇಟ್ಟಿಗೆ ಕೆಡವಿ, ಮುಖಕ್ಕೆ ಮಾಸ್ಕು, ಕೈಗೆ ಗವುಸು ಹಾಕಿಕೊಂಡು ಪದರದ ಮೇಲೆ ಪದರ ಹೊದಿಸಿದಳು. ನಿಂಬೆಹಣ್ಣು ಕೊಯ್ದು, ಕಾಯಿ ಒಡೆದು ಬೆಂಕಿ ಕೊಟ್ಟದ್ದಾಯಿತು. ಒಳಗೆ ಗೇರುಗಳು ಕೆಂಪಗೆ ಹೊಳೆಯುತ್ತಿರುವಾಗ ಹೊರಗಿನ ತಗಡಿಗೆ ಅಂಗೈ ಊರಿದಳು. ಬಿಸಿಲಿಗೆ ನಿಂತ ಸ್ಕೂಟರಿನ ಸೀಟು ಇದಕ್ಕಿಂತ ಹೆಚ್ಚು ಸುಡುತ್ತದೆ. “ತಣ್ಣಗೈತೆ! ನೋಡ್ರಿ, ಮುಟ್ಟಿ ನೋಡ್ರಿ!” ಎಂದು ಭಟ್ಟಿಯ ಸುತ್ತ ಸಣ್ಣ ಹುಡುಗಿಯ ಹಾಗೆ ಓಡಾಡಿದಳು. ಭಟ್ಟಿ ನೋಡಿಕೊಳ್ಳುವ ಲಿಂಗಣ್ಣ, ಕರೆಂಟಿನ ಕೆಲಸದ ಅರ್ಬಾಜ್, ಉಳಿದವರು ಎಲ್ಲ ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು. ಹೌದು ಹೌದು ಎಂದು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಲ್ಲಿ ಸಂಭ್ರಮ ಕಡಿಮೆ ಇತ್ತು, ಆದರೆ ಅವಳಿಗೆ ಅದನ್ನು ನೋಡುವಷ್ಟು ಪುರುಸೊತ್ತು ಎಲ್ಲಿತ್ತು?

ಶ್ರಾವಣ ಬಂತು. ಪ್ರತಿ ಸಂಜೆ ಪುಷ್ಪಲತಾ ಎಣ್ಣೆ ಟ್ಯಾಂಕಿನಲ್ಲಿ ಅಳತೆಯ ಕೋಲು ಇಳಿಸುತ್ತಿದ್ದಳು. ಎಣ್ಣೆ ಉಳಿಯುತ್ತಿತ್ತು, ಉಳಿಯಲಿಲ್ಲ ಎನ್ನುವ ಹಾಗಿಲ್ಲ. ಆದರೆ ಅವಳು ಹೇಳಿದ್ದರಲ್ಲಿ ಅರ್ಧ ಮಾತ್ರ. ಮಿಕ್ಕಿದ ಅರ್ಧ ಎಲ್ಲಿ ಹೋಗುತ್ತಿದೆ? ಸಂದುಗಳನ್ನೆಲ್ಲ ಕೈಯಾಡಿಸಿ ನೋಡಿದಳು. ಬರ್ನರ್ ಬಿಚ್ಚಿ ತೊಳೆದಳು. ಅರ್ಬಾಜ್‌ನಿಂದ ಶಾಖ ಅಳೆಯುವ ಮೀಟರನ್ನು ಬದಲಿ ಮಾಡಿಸಿದಳು. ಎಲ್ಲೂ ಲೋಪವಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಅದೇ ಕಥೆ.

ಇಷ್ಟರ ನಡುವೆ ಅವಳ ಮನಸ್ಸಿಗೆ ತಂಪೆನಿಸುತ್ತಿದ್ದದ್ದು ಲಿಂಗಣ್ಣನ ಕಾಳಜಿ ಒಂದೇ. ದಿನಾ ಹನ್ನೊಂದೂವರೆ ಆಯಿತೆಂದರೆ ಬಂದು ನಿಲ್ಲುತ್ತಿದ್ದ. “ಪುಷ್ಪವ್ವಾ, ಊಟದ ಹೊತ್ತಾತು, ಹೋಗ್ಬರ್ರಿ. ಹೊಟ್ಟೆ ಕಾಯಿಸ್ಬ್ಯಾಡ್ರಿ. ಸಾವಕಾಶ ಉಂಡು ಬರ್ರಿ, ಭಟ್ಟಿ ನಾವು ನೋಡ್ಕಂತೀವಿ.” ಎಂಥ ಒಳ್ಳೆಯ ಜನ ಎಂದುಕೊಂಡು ಅವಳು ಸ್ಟೇಷನ್ ರಸ್ತೆಯ ಹೋಟೆಲಿಗೆ ಹೋಗಿ ಬೆಣ್ಣೆದೋಸೆ ತಿಂದು ಸಾವಕಾಶವಾಗಿಯೇ ಬರುತ್ತಿದ್ದಳು.

“ನಿನ್ನ ಹತ್ತಿ ಎಣ್ಣೆ ಕುಡಿಯೋದು ಕಲ್ತೈತೇನಮ್ಮ?” ಎಂದು ಕರಿಬಸವರಾಜರು ಕೇಳಿದರು. ಮನೆಗೆ ಬಂದರೆ ಮಾಲತೇಶಪ್ಪ ಏನೂ ಕೇಳುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಗಾರೆ ಮೆತ್ತುವ ಹಳೆಯ ಕರಣೆಯ ತುಕ್ಕು ಉಜ್ಜುತ್ತಿದ್ದರು. ಆ ಸದ್ದು ಮಾಲೀಕರ ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಹೀಗಿರುವಾಗ ಶ್ರಾವಣದ ಮೊದಲ ಶನಿವಾರ ಬಂತು. ಕೊಕ್ಕನೂರಿನವರಿಗೆ ಅದು ಹನುಮಪ್ಪನ ವಾರ. ಸಂಜೆ ಗುಡಿಗೆ ಹೋಗಿ ಕಾಯಿ ಒಡೆಸುವ ತನಕ ಬಾಯಿಗೆ ಅನ್ನ ಮುಟ್ಟಿಸುವುದಿಲ್ಲ. ಮಾಲೀಕರಿಗೂ ಉಪವಾಸ, ಪುಷ್ಪಲತಾಳಿಗೂ ತಾಯಿಯ ಆಣೆಯಿಂದಾಗಿ ಉಪವಾಸ. ಅರ್ಬಾಜ್ ಒಬ್ಬನಿಗೇ ಉಪವಾಸವಿರಲಿಲ್ಲ. ಇಷ್ಟು ಹಸಿದ ಹೊಟ್ಟೆಗಳ ಎದುರು ಒಬ್ಬನೇ ಡಬ್ಬಿ ಬಿಚ್ಚಲು ಮನಸ್ಸಾಗದೆ ಅವನು ಹೊರಗೆ ಹೋಗಿ ತಿಂದು ಬಂದ.

ಸಂಜೆ ಅವಳು ಕೋಲು ಇಳಿಸಿದಳು. ಎತ್ತಿ ನೋಡಿದಳು. ಸೆರಗಿನಿಂದ ಒರೆಸಿ ಮತ್ತೆ ಇಳಿಸಿದಳು. ಹೇಳಿದಷ್ಟೂ ಉಳಿದಿತ್ತು, ಒಂದು ಎಳ್ಳು ಹೆಚ್ಚಾಗಿಯೇ.

ಅವಳು ಅಲ್ಲೇ ಡ್ರಮ್ಮಿನ ಮೇಲೆ ಕೂತಳು. ಅದೇ ಗೇರು, ಅದೇ ಬರ್ನರ್, ಅದೇ ಜನ. ಇವತ್ತು ಬೇರೆಯಾದದ್ದು ಏನು? ಹೊಟ್ಟೆ ಚುರ್ ಎಂದಾಗ ಅವಳಿಗೆ ಹೊಳೆಯಿತು. ಇವತ್ತು ಲಿಂಗಣ್ಣ ಅವಳನ್ನು ಊಟಕ್ಕೆ ಕಳಿಸಿರಲಿಲ್ಲ. ಉಪವಾಸದ ದಿನ ಕಳಿಸುವುದೆಲ್ಲಿಗೆ, ಅದು ಸರಿ. ಆದರೆ ಅವಳು ಹೊರಗೆ ಹೋಗದ ದಿನವೇ ಎಣ್ಣೆ ಉಳಿದಿದೆ ಎಂದರೆ, ಅವಳು ಹೊರಗೆ ಹೋದ ಹೊತ್ತಿನಲ್ಲಿ ಇಲ್ಲಿ ಏನು ನಡೆಯುತ್ತದೆ?

ಸೋಮವಾರ ಲಿಂಗಣ್ಣ ಬಂದು “ಹೋಗ್ಬರ್ರಿ ಪುಷ್ಪವ್ವಾ” ಎಂದ. ಅವಳು ಹೂಂ ಎಂದು ಸ್ಕೂಟರ್ ಶುರು ಮಾಡಿ ಗೇಟು ದಾಟಿ, ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು, ನಡೆದುಕೊಂಡು ವಾಪಸ್ ಬಂದಳು.

ಭಟ್ಟಿಯ ಬಾಗಿಲು ಒಂದು ಗೇಣು ಮೇಲೆದ್ದಿತ್ತು. ಬೀಳದಿರಲೆಂದು ಅದರ ಕೆಳಗೆ ಹಳೆಯ ಇಟ್ಟಿಗೆಯೊಂದನ್ನು ಕೊಟ್ಟಿದ್ದರು. ಒಳಗಿನ ಕೆಂಪು ಬೆಳಕು ನೆಲದ ತನಕ ಚೆಲ್ಲಿತ್ತು. ಆ ಬೆಳಕಿನ ಮುಂದೆ ಸಾಲಾಗಿ ಡಬ್ಬಿಗಳು, ಬುತ್ತಿಗಂಟುಗಳು. ಲಿಂಗಣ್ಣ ಗೇರು ಎಳೆಯುವ ಉದ್ದನೆಯ ಕೊಕ್ಕೆಯಿಂದ ಅವುಗಳನ್ನು ಒಂದೊಂದಾಗಿ, ಮಗ್ಗುಲು ಸುಡದ ಹಾಗೆ, ಬಹಳ ಪ್ರೀತಿಯಿಂದ ತಿರುಗಿಸುತ್ತಿದ್ದ. ಭಟ್ಟಿ ಕಾಯಬೇಕಾದವನೇ ಬಾಗಿಲು ತೆಗೆದು ಕೂತಿದ್ದ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

“ಲಿಂಗಣ್ಣಾರೆ, ಏನ್ರೀ ಇದು?”

ಕೊಕ್ಕೆ ಗಾಳಿಯಲ್ಲೇ ನಿಂತಿತು. ಅರ್ಬಾಜ್ ತಲೆಯೆತ್ತಿ ಚಾವಣಿಯ ಫ್ಯಾನನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ.

“ಊಟಕ್ಕೆ ಹೋಗ್ಲಿಲ್ಲೇನ್ರಿ ಪುಷ್ಪವ್ವ?” ಎಂದ ಲಿಂಗಣ್ಣ.

“ಹೋಗಿದ್ರೆ ನಿಮಗೆ ಚಲೋ ಆಗ್ತಿತ್ತು, ಅಲ್ರಿ? ನಾನು ಒಂದು ವಾರದಿಂದ ಈ ಭಟ್ಟಿ ಮೈಯೆಲ್ಲ ಸವರಿ ತೂತು ಹುಡುಕ್ತಿದೀನಿ. ಇಷ್ಟು ದೊಡ್ಡ ಬಾಗಿಲೇ ತೆಗೆದಿಟ್ಟೀರಲ್ರಿ!”

ಲಿಂಗಣ್ಣ ಕೊಕ್ಕೆಯನ್ನು ಗೋಡೆಗೆ ಒರಗಿಸಿದ. “ತಪ್ಪಾತು. ಆದ್ರೆ ನಮ್ಮದೂ ಕೇಳ್ರಿ. ಮೊದ್ಲು ಡಬ್ಬಿ ಭಟ್ಟಿ ನೆತ್ತಿ ಮ್ಯಾಲೆ ಇಡ್ತಿದ್ವಿ. ಬಾಗಿಲ ಉಸಾಬರಿನೇ ಇರ್ಲಿಲ್ಲ. ನಿಮ್ಮ ಹತ್ತಿ ಬಂದ ದಿನಾನೂ ಅಲ್ಲೇ ಇಟ್ವಿ. ಮಧ್ಯಾಹ್ನ ತೆಗೆದ್ರೆ ಫ್ರಿಜ್ಜಿನಾಗಿಂದ ತೆಗೆದಂಗೆ ಇದ್ವು. ದಿನಾ ಬೆಂಕಿ ಮುಂದೆ ದುಡಿಯೋರು ತಣ್ಣನ ರೊಟ್ಟಿ ತಿನ್ಬೇಕೇನ್ರಿ? ನೀವೇ ಹೇಳ್ರಿ.”

“ನನಗೆ ಹೇಳ್ಬೇಕಿತ್ತು.”

“ಹೆಂಗೆ ಹೇಳೋದ್ರೀ? ಭಟ್ಟಿ ಸುತ್ತ ‘ತಣ್ಣಗೈತೆ, ತಣ್ಣಗೈತೆ’ ಅಂತ ಕುಣೀತಿದ್ರಿ. ಒಬ್ಬ ಹೆಣ್ಮಗಳು ಅಷ್ಟು ಸಂತೋಷ ಪಡೋ ಹೊತ್ನಾಗೆ, ನಮ್ಮ ಡಬ್ಬಿನೂ ತಣ್ಣಗೈತೆ ಅಂತ ಯಾವ ಬಾಯಿಲೆ ಹೇಳೋದು?”

ಪುಷ್ಪಲತಾಳಿಗೆ ಬಂದ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತು. ಹೋದದ್ದು ನಗುವಿನ ಕಡೆಗೆ. ಆದರೆ ನಗು ಮುಗಿಯುವ ಮುಂಚೆ ಕಣ್ಣಲ್ಲಿ ನೀರೂ ಬಂತು. ಮಾಲೀಕರ ಕರಾರನ್ನು ಅವರಿಗೆ ಬಿಡಿಸಿ ಹೇಳಿದಳು. ಲೆಕ್ಕ ತಪ್ಪಿದರೆ ಇದನ್ನೆಲ್ಲ ಕಿತ್ತು ಹಾಕಿ ತಾನು ಮತ್ತೆ ಇನ್ನೊಬ್ಬರ ಕೈಕೆಳಗೆ ಹೋಗಬೇಕೆಂದಳು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಲಿಂಗಣ್ಣನ ಮುಖ ಕಪ್ಪಿಟ್ಟಿತು.

“ಇಳಿಸ್ರಲೇ ಬಾಗಿಲು” ಎಂದ ಅವನು. “ಒಂದು ರೊಟ್ಟಿ ಸಲುವಾಗಿ ಹುಡುಗಿ ಬಾಳು ಸುಡೋದು ಬ್ಯಾಡ. ತಣ್ಣಂದೇ ಉಣ್ಣಾಣ.”

ಬಾಗಿಲು ಇಳಿಯಿತು. ಡಬ್ಬಿಗಳನ್ನು ಎತ್ತಿಕೊಳ್ಳುವಾಗ ಪುಷ್ಪಲತಾಳ ಕಣ್ಣಿಗೆ ಎಲ್ಲಕ್ಕಿಂತ ಮುಂದಿದ್ದ ನಾಲ್ಕು ಅಂತಸ್ತಿನ ಹೊಳೆಯುವ ಸ್ಟೀಲ್ ಕ್ಯಾರಿಯರ್ ಬಿತ್ತು.

“ಇದು ಯಾರದ್ದು?”

ಲಿಂಗಣ್ಣ ದನಿ ತಗ್ಗಿಸಿದ. “ಸಾವ್ಕಾರ್ರದ್ದು. ಅವರಿಗೆ ಗೊತ್ತಿಲ್ಲ. ಮನೆಯಿಂದ ಬಂದ ಕೂಡ್ಲೆ ನಾವೇ ಇಸ್ಕಂಡು ಇಡ್ತೀವಿ. ಮೊದಲಿಂದಾನೂ ಮುಂದಿನ ಜಾಗ ಅದಕ್ಕೇನೇ. ಅದನ್ನೊಂದು ಸ್ವಲ್ಪ ಬಿಸಿ ಮಾಡಿ...”

“ಬ್ಯಾಡ್ರಿ” ಎಂದಳು ಪುಷ್ಪಲತಾ. “ಅದೂ ಹಂಗೇ ಹೋಗ್ಲಿ.”

ಕ್ಯಾರಿಯರ್ ಮೇಲಿನ ಆಫೀಸಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಕರಿಬಸವರಾಜರು ಒಂದು ಕೈಯಲ್ಲಿ ಕ್ಯಾರಿಯರಿನ ತಟ್ಟೆ, ಇನ್ನೊಂದು ಕೈಯಲ್ಲಿ ಸೆಟೆದು ನಿಂತ ಜೋಳದ ರೊಟ್ಟಿ ಹಿಡಿದು ಇಳಿದು ಬಂದರು.

“ಯಾವನಲೇ ಇದು? ಇಪ್ಪತ್ತು ವರ್ಷದಾಗೆ ಒಂದಿನ ನನ್ನ ಊಟ ಆರಿಲ್ಲ! ಏನು ಮಾಡಿದ್ರಿ ಇದಕ್ಕೆ?”

ಪುಷ್ಪಲತಾ ಮುಂದೆ ಬಂದಳು.

“ಏನೂ ಮಾಡಿಲ್ಲ ಸಾರ್, ಅದಕ್ಕೇ ಆರೈತೆ. ಇಷ್ಟು ದಿನ ಹೆಂಗೆ ಬಿಸಿ ಇರ್ತಿತ್ತು ಅಂದ್ಕಂಡಿದ್ರಿ?”

“ಹೆಂಗೆ ಅಂದ್ರೆ? ನಮ್ಮನೆಯಾಕೆ ಬಿಸಿಬಿಸಿ ಮಾಡಿ ಕಳಿಸ್ತಾಳೆ.”

“ಬೆಳಿಗ್ಗೆ ಒಂಬತ್ತಕ್ಕೆ ಕಳಿಸಿದ್ದು ಮಧ್ಯಾಹ್ನದ ತನಕ ಬಿಸಿ ಇರ್ತಿತ್ತಾ ಸಾರ್?”

ಎಷ್ಟು ಹೊತ್ತಾದರೂ ಆರದ ಅಡುಗೆ, ಅದು ನಮ್ಮಾಕೆಯ ಕೈಗುಣ ಎಂದು ಈ ಮನುಷ್ಯ ಇಪ್ಪತ್ತು ವರ್ಷ ಬೀಗರ ಮುಂದೆಲ್ಲ ಹೊಗಳಿಕೊಂಡು ತಿರುಗಿದ್ದರು. ಅವರ ಕಣ್ಣು ನಿಧಾನವಾಗಿ ಭಟ್ಟಿಯ ಕಡೆ ಹೋಯಿತು, ಅಲ್ಲಿಂದ ಲಿಂಗಣ್ಣನ ಕಡೆ ಬಂತು. ಲಿಂಗಣ್ಣ ತಲೆ ಕೆರೆದುಕೊಂಡ.

“ಇವರ ತಪ್ಪಿಲ್ಲ ಸಾರ್” ಎಂದಳು ಪುಷ್ಪಲತಾ. “ಈ ಭಟ್ಟಿ ಗೇರೂ ಕಾಯಿಸ್ತಿತ್ತು, ನಿಮ್ಮೆಲ್ಲರ ಊಟಾನೂ ಕಾಯಿಸ್ತಿತ್ತು. ನಾನು ಗೇರಿನ ಲೆಕ್ಕ ಹಾಕ್ದೆ, ಊಟದ್ದು ಕೇಳ್ಲೇ ಇಲ್ಲ. ತಪ್ಪು ನಂದು. ಶನಿವಾರ ಎಲ್ಲರ ಉಪವಾಸ, ಅವತ್ತು ಬಾಗಿಲು ತೆಗೀಲಿಲ್ಲ, ಎಣ್ಣೆ ಹೇಳಿದಷ್ಟೂ ಉಳೀತು. ನನಗೆ ಎರಡು ದಿನ ಕೊಡ್ರಿ. ಬಾಗಿಲು ತೆಗೀದಂಗೆ ಊಟ ಬಿಸಿ ಮಾಡಿ ಕೊಡ್ತೀನಿ.”

ಮಾಲೀಕರು ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದರು. ಕಟಕ್ಕೆಂದು ಮುರಿದು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು.

“ಎರಡೇ ದಿನ” ಎಂದರು. “ಮತ್ತೆ, ಈ ಕೈಗುಣದ ಮಾತು ನಮ್ಮ ಮನೆ ತನಕ ಹೋಗ್ಬಾರ್ದು. ಹೋದ್ರೆ ಒಬ್ಬೊಬ್ಬರನ್ನೂ ಬಿಡಲ್ಲ.”

ಭಟ್ಟಿಯ ಹಿಂದೆ ಹೊಗೆ ಹೋಗುವ ದಪ್ಪ ಕೊಳವೆ ಇತ್ತು. ಬೆಂಕಿ ತನ್ನ ಕೆಲಸ ಮುಗಿಸಿ, ಉಳಿದ ಬಿಸಿಯನ್ನು ಹೊತ್ತು ಚಿಮಣಿಯಿಂದ ಆಕಾಶಕ್ಕೆ ಹೋಗುವ ದಾರಿ ಅದು. ಆ ಬಿಸಿ ಹೇಗೂ ಹೋಗುವಂಥದ್ದು. ಪುಷ್ಪಲತಾ ಕೊಳವೆಗೆ ಬೆನ್ನು ಕೊಟ್ಟ ಹಾಗೆ ಒಂದು ಕಪಾಟು ಮಾಡಿದಳು. ಉಳಿದಿದ್ದ ಫೈಬರನ್ನು ಎರಡು ತಗಡುಗಳ ನಡುವೆ ಅಡಕಿ, ಒಂದು ಎಳೆಯೂ ಹೊರಗೆ ಉದುರದ ಹಾಗೆ ಅಂಚುಗಳನ್ನು ಮಡಿಸಿ ಬೆಸೆದಳು. ಹೊಗೆ ಒಳಗೆ ಬರುವಂತಿಲ್ಲ, ಒಳಗೆ ಬಂದ ಬಿಸಿ ಹೊರಗೆ ಹೋಗುವಂತಿಲ್ಲ. ಎರಡನೇ ದಿನ ಮಾಲತೇಶಪ್ಪ ಕರಣೆ ಸಮೇತ ಬಂದಿಳಿದರು. “ಕಪಾಟು ಗಾಳಿಯಾಗೆ ನಿಲ್ಲುತ್ತೇನು? ಕೆಳಗೆ ಕಟ್ಟೆ ಬೇಕು, ಕಟ್ಟೆಗೆ ಇಟ್ಟಿಗೆ ಬೇಕು” ಎಂದು ಮಗಳನ್ನು ಪಕ್ಕಕ್ಕೆ ಸರಿಸಿ ಕಟ್ಟೆ ಕಟ್ಟಿಯೇ ಬಿಟ್ಟರು. ಅವಳು ಬೇಡ ಎನ್ನಲಿಲ್ಲ. ಅಪ್ಪ ಸೋಲು ಒಪ್ಪಿಕೊಳ್ಳುವ ರೀತಿ ಅದು ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಕಪಾಟು ತೆರೆದಾಗ ಎಣ್ಣೆಗಾಯಿಯ ಘಮ ಶೆಡ್ಡಿನ ತುಂಬ ಹರಡಿತು. ಸಂಜೆ ಕೋಲು ಎತ್ತಿದರೆ ಎಣ್ಣೆ ಹೇಳಿದಷ್ಟು ಉಳಿದಿತ್ತು. ಅದರ ಮರುದಿನವೂ, ಶ್ರಾವಣ ಮುಗಿಯುವ ತನಕ ಪ್ರತಿದಿನವೂ. ಕರಿಬಸವರಾಜರು ಮಾತಿಗೆ ತಪ್ಪಲಿಲ್ಲ. “ಸೋಮವಾರದಿಂದ ಎರಡನೇ ಭಟ್ಟಿ ಶುರು ಮಾಡು” ಎಂದರು.

ಆ ವಾರದ ಶುಕ್ರವಾರ ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ಹೆಂಗಸು ಕೈಚೀಲ ಹಿಡಿದು ನಿಂತಿದ್ದಳು. ಲಿಂಗಣ್ಣನ ಹೆಂಡತಿ ಭೀಮವ್ವ. ಸಂತೆಗೆಂದು ಹರಿಹರಕ್ಕೆ ಬಂದವಳು ದಾರಿ ತಿರುಗಿಸಿ ಇಲ್ಲಿಗೆ ಬಂದಿದ್ದಳು. ಪುಷ್ಪಲತಾಳನ್ನು ಪಕ್ಕಕ್ಕೆ ಕರೆದು ಅತ್ತಿತ್ತ ನೋಡಿದಳು.

“ಖರೆ ಹೇಳವ್ವ. ನಮ್ಮ ಮನೆಯವರು ದಿನಾ ಕೆಲಸಕ್ಕೆ ಬರ್ತಾರೋ ಇಲ್ಲೋ?”

“ಬರ್ತಾರಲ್ಲಮ್ಮ. ಯಾಕ?”

ಭೀಮವ್ವ ಚೀಲದಿಂದ ಒಂದು ಅಂಗಿ ತೆಗೆದಳು. “ಇದು ನಿನ್ನೆ ಬಿಚ್ಚಿ ಹಾಕಿದ್ದು, ಇನ್ನೂ ಒಗೆದಿಲ್ಲ. ಬೆನ್ನು ನೋಡು. ಲಗ್ನ ಆದಾಗಿಂದ ಈ ಮನುಷ್ಯನ ಅಂಗಿ ಒಗೀತಾ ಬಂದೀನಿ. ದಿನಾ ಬೆನ್ನ ತುಂಬ ಬೆಳ್ಳಗೆ ಉಪ್ಪು ಕೂತಿರ್ತಿತ್ತು. ಕಲ್ಲಿಗೆ ಎಷ್ಟು ಬಡಿದ್ರೂ ಅಂಗಿ ಹರೀತಿತ್ತೇ ಹೊರತು ಉಪ್ಪಿನ ಕಲೆ ಹೋಗ್ತಿರ್ಲಿಲ್ಲ. ಈಗ ಕೆಲವು ದಿನದಿಂದ ಉಪ್ಪೇ ಇಲ್ಲ. ರಾತ್ರಿ ಮೈ ಉರಿ ಅಂತ ಎದ್ದು ಅಂಗಳಕ್ಕೆ ಹೋಗ್ತಿದ್ದವರು ಸುಮ್ನೆ ಮಲಗಿರ್ತಾರೆ. ಕೆಲಸಕ್ಕೆ ಚಕ್ಕರ್ ಹೊಡೆದು ಎಲ್ಲಾದ್ರೂ ಇಸ್ಪೀಟು ಆಡ್ಕಂಡು ಕುಂತಿರ್ತಾರೇನೋ ಅಂತ ನನಗೆ ಅನುಮಾನ.”

ಪುಷ್ಪಲತಾ ಅಂಗಿಯನ್ನು ಕೈಗೆ ತೆಗೆದುಕೊಂಡಳು. ಇಡೀ ಶ್ರಾವಣ ಅವಳು ಟ್ಯಾಂಕಿನಲ್ಲಿ ಕೋಲು ಇಳಿಸಿ ಎಣ್ಣೆ ನೋಡಿದ್ದಳು. ಈ ಬೆನ್ನನ್ನು ನೋಡಿರಲಿಲ್ಲ. ಭೀಮವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಉರಿಯುವ ಭಟ್ಟಿಯ ತಗಡಿನ ಮೇಲೆ ಆ ಒರಟು ಅಂಗೈಯನ್ನು ಊರಿಸಿದಳು. ಭೀಮವ್ವ ಹೆದರಿ ಕೈ ಎಳೆದುಕೊಂಡಳು. ಆಮೇಲೆ ತಾನಾಗಿಯೇ ಮತ್ತೆ ಊರಿದಳು. ಆ ಕಡೆ ಲಿಂಗಣ್ಣ ಕೊಕ್ಕೆ ಹಿಡಿದು ಗೇರು ಎಳೆಯುತ್ತಿದ್ದ. ಅವನ ಬೆನ್ನು ಒಣಗಿತ್ತು.

“ನಾನು ಕೆಲಸಕ್ಕೆ ಬರ್ತೀನೋ ಇಲ್ಲೋ ನೋಡಾಕೆ ಬಂದೀಯೇನು? ಅದಕ್ಕೇನಾ ನಾಲ್ಕು ದಿನದಿಂದ ಬುತ್ತಿಯಾಗೆ ಪಲ್ಯ ಇಲ್ದೆ ಬರೇ ರೊಟ್ಟಿ ಬರ್ತಿದ್ದು?” ಎಂದು ಅವನು ಹೆಂಡತಿಯನ್ನು ಕಂಡು ಕೂಗಿದ. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಭೀಮವ್ವ ನಗಲಿಲ್ಲ. ಭಟ್ಟಿಯ ಮೇಲಿಟ್ಟ ಕೈ ತೆಗೆಯಲೂ ಇಲ್ಲ.

“ಇಷ್ಟು ವರ್ಷ ಎಲ್ಲಿ ಹೋಗಿದ್ದೆವ್ವ ನೀನು?” ಎಂದು ಪುಷ್ಪಲತಾಳನ್ನು ಕೇಳಿದಳು.

ಸೋಮವಾರ ಶುರು ಮಾಡಬೇಕೆಂದು ಆಗಲೇ ಆರಿಸಿಟ್ಟಿದ್ದ ಎರಡನೇ ಭಟ್ಟಿಯ ಇಟ್ಟಿಗೆಯನ್ನು ಪುಷ್ಪಲತಾ ಆ ದಿನವೇ ಕೀಳತೊಡಗಿದಳು.